ಸುಳ್ಳು ಮರೆವು

ವಾಲ್ನಟ್ ಕ್ರೀಕಿನ ಡಾಕ್ಟರು ನನ್ನ ಅಳಿಯನ ತಲೆಗೆ ಏನೂ ಆಗಿಲ್ಲ ಎಂದು ಹೇಳಿದ ದಿನ ನಾನು ಕೇಸರಿಬಾತು ಮಾಡಿದೆ. ಮಗಳು ಕ್ಲಿನಿಕ್ಕಿನ ಪಾರ್ಕಿಂಗಿನಿಂದಲೇ ಫೋನು ಮಾಡಿದ್ದಳು. ಅಮೆರಿಕದಲ್ಲೇ ಹುಟ್ಟಿ ಬೆಳೆದವಳು, ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಅವತ್ತು ಕನ್ನಡವೇ ಬಾಯಿಗೆ ಬಂದಿತ್ತು.

"ಅಮ್ಮಾ, ನಾರ್ಮಲ್ ಅಂತೆ! ಆಟ ಆಡ್ತಿದ್ದಾಗ ಮಾಡಿದ್ರಲ್ಲ ಆ ಟೆಸ್ಟು, ಇವತ್ತಿನ ಟೆಸ್ಟು, ಎರಡೂ ಸೇಮ್! ಏನೂ ಕಮ್ಮಿ ಆಗಿಲ್ವಂತೆ!"

ಅವಳು ಅಳುತ್ತಿದ್ದಳು. ನನಗೂ ಅಳು ಬಂತು. ಒಂದು ವರ್ಷದಿಂದ ಆ ಮನೆಯಲ್ಲಿ ಯಾರೂ ನೆಟ್ಟಗೆ ಉಸಿರಾಡಿರಲಿಲ್ಲ. ನಲವತ್ತು ದಾಟಿದ ಗಂಡಸು ದಿನಾ ಇಳಿಯುವ ಫ್ರೀವೇ ಎಕ್ಸಿಟ್ ಬಿಟ್ಟು ಮುಂದೆ ಹೋಗಿ ಎಲ್ಲೆಲ್ಲೋ ಸುತ್ತಿ ಬರುತ್ತಿದ್ದ. ಹಾಲು ಫ್ರಿಜ್ಜಿನ ಬದಲು ತಟ್ಟೆಗಳ ಕಪಾಟಿನಲ್ಲಿ ಸಿಗುತ್ತಿತ್ತು. ಒಂದು ದಿನ ನನ್ನ ಮೊಮ್ಮಗಳನ್ನು ಈಜಿನ ಕ್ಲಾಸಿಗೆ ಬಿಟ್ಟು ಬಂದವನು, ಕರೆದುಕೊಂಡು ಬರಬೇಕು ಎನ್ನುವುದನ್ನೇ ಮರೆತು ಅಂಗಳದಲ್ಲಿ ಹುಲ್ಲು ಕತ್ತರಿಸುತ್ತಿದ್ದ. ಬೇರೆ ಯಾರ ಗಂಡನಾದರೂ ಹೀಗೆ ಮಾಡಿದ್ದರೆ ನಾಲ್ಕು ಬೈದು ಸುಮ್ಮನಾಗಬಹುದಿತ್ತು. ನಮ್ಮ ಅಳಿಯ ಅಮೆರಿಕನ್ ಫುಟ್‌ಬಾಲ್ ಆಡಿ ಬದುಕಿದವನು. ಆ ಆಟದಲ್ಲಿ ತಲೆಗೆ ಪೆಟ್ಟು ತಿಂದವರಿಗೆ ಕೆಲವು ವರ್ಷಗಳ ಮೇಲೆ ಮರೆವಿನ ಕಾಯಿಲೆ ಬರಬಹುದು ಎಂದು ಇಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಭಾನುವಾರ ಟೀವಿ ಮುಂದೆ ಚಿಪ್ಸ್ ಹಿಡಿದು ಕೂರುತ್ತಾರೆ.

ಸಂಜೆ ಮೂವರೂ ಸಾಂಟಾ ಕ್ಲಾರಾದ ನನ್ನ ಮನೆಗೆ ಬಂದರು. ಮಗಳು ಕೇಸರಿಬಾತನ್ನು ಪಾತ್ರೆಯಿಂದಲೇ ತಿಂದಳು. ಅಳಿಯ ತಟ್ಟೆ ಹಿಡಿದು ಕಿಟಕಿಯ ಹತ್ತಿರ ಕೂತಿದ್ದ. ಕೋರ್ಟಿನಲ್ಲಿ ಬಿಡುಗಡೆಯಾದವನು ಹೀಗೆ ಮುಖ ಹಾಕಿಕೊಂಡು ಕೂತರೆ ಯಾರಿಗಾದರೂ ಅನುಮಾನ ಬರುತ್ತದೆ. ನನಗೆ ಅನುಮಾನ ಬರಲಿಲ್ಲ, ಸಿಟ್ಟು ಬಂತು. ಇಷ್ಟು ತುಪ್ಪ ಹಾಕಿ ಮಾಡಿದ್ದೇನೆ, ಒಂದು ಮಾತಾದರೂ ಚೆನ್ನಾಗಿದೆ ಅನ್ನಬಾರದೇ ಎಂದು ಸಿಡುಕಿಕೊಂಡೆ.

ಅವನು ನಮ್ಮ ಮನೆಗೆ ಬಂದ ಬಗೆ ಹೇಳಬೇಕು. ನನ್ನ ಮಗಳು ಸ್ಯಾನ್ ಮಟಿಯೋದಲ್ಲಿ ಫಿಸಿಯೋಥೆರಪಿಸ್ಟ್. ಮಂಡಿ ಸರಿ ಮಾಡಿಸಿಕೊಳ್ಳಲು ಅವಳ ಕ್ಲಿನಿಕ್ಕಿಗೆ ಬಂದವನು ಇವನು. "ನನ್ನ ಪೇಷೆಂಟ್ ಅಲ್ಲಮ್ಮ, ಬೇರೆಯವರ ಪೇಷೆಂಟ್" ಎಂದು ಅವಳು ಎಷ್ಟು ಸಲ ಹೇಳಿದ್ದಾಳೆಂದರೆ, ಇಲ್ಲೂ ಅದನ್ನು ಬರೆಯದಿದ್ದರೆ ನನ್ನ ಜೊತೆ ಜಗಳಕ್ಕೆ ಬರುತ್ತಾಳೆ. ಇಲ್ಲಿನ ಸಮುದ್ರದ ಕೊಲ್ಲಿಯ ಆಚೆ ದಡದ ಊರಿನವನು, ಕಪ್ಪು ಜನಾಂಗದವನು. ಬಸ್ ಓಡಿಸುತ್ತಿದ್ದ ತಾಯಿ ಒಬ್ಬಳೇ ಸಾಕಿದ್ದಳು. ಮೊದಲ ಸಲ ಬಂದಾಗ ನಮ್ಮ ಬಾಗಿಲಲ್ಲಿ ಭುಜ ಓರೆ ಮಾಡಿಕೊಂಡು ಒಳಗೆ ಬಂದ. ಮಗಳು ಹೇಳಿಕೊಟ್ಟಿದ್ದಳೋ ಏನೋ, ಬಗ್ಗಿ ಕಾಲು ಮುಟ್ಟಿ "ಅತ್ತೆ" ಎಂದ. ಮದುವೆಯೇ ನಿಶ್ಚಯವಾಗಿರಲಿಲ್ಲ, ಆಗಲೇ ಅತ್ತೆ! ನನ್ನ ಗಂಡ ಆಗ ಬದುಕಿದ್ದರು. ಅವರು ನಕ್ಕುಬಿಟ್ಟರು, ಮಾತುಕತೆ ಅಲ್ಲಿಗೆ ಮುಗಿಯಿತು.

ಅವನು ಏನು ಆಡುತ್ತಾನೆ ಎಂದು ಮಂಡ್ಯದಲ್ಲಿರುವ ನನ್ನ ತಮ್ಮನಿಗೆ ಫೋನಿನಲ್ಲಿ ವಿವರಿಸಲು ಒದ್ದಾಡಿದೆ. ಫುಟ್‌ಬಾಲ್ ಅಂತಾರೆ, ಆದರೆ ಚೆಂಡು ಒದೆಯುವುದು ಅಪರೂಪ. ಕೊನೆಗೆ, "ನಮ್ಮ ಕಬಡ್ಡೀಲಿ ರೈಡ್ ಬಂದೋನ ಮೇಲೆ ಬಿದ್ದು ಹಿಡಿತಾರಲ್ಲ, ಇವನು ಆ ಹಿಡಿಯೋನು ಕಣೋ" ಎಂದೆ. ತಮ್ಮನಿಗೆ ತಕ್ಷಣ ಅರ್ಥವಾಯಿತು, ಗೌರವವೂ ಬಂತು.

ಚೆಂಡು ಒಯ್ಯುವವನಿಗೆ ಹೆಸರು, ಜಾಹೀರಾತು. ತಡೆಯುವವನಿಗೆ ಏಟು. ನಮ್ಮ ಅಳಿಯ ತಡೆಯುವವರ ಮೊದಲ ಸಾಲಿನಲ್ಲಿ ನಿಲ್ಲುತ್ತಿದ್ದ. ಎದುರಿಗೆ ಅವನಷ್ಟೇ ದಪ್ಪದ ಇನ್ನೊಬ್ಬ ನೆಲಕ್ಕೆ ಕೈಯೂರಿ ಬಗ್ಗಿರುತ್ತಾನೆ. ಆ ಕೈಯ ಬೆರಳುಗಳನ್ನು ನೋಡಿ ಇವನು ಮುಂದೇನಾಗುತ್ತದೆ ಎಂದು ತಿಳಿಯುತ್ತಿದ್ದ. ಬೆರಳ ತುದಿ ಬೆಳ್ಳಗಾಗಿದ್ದರೆ ಭಾರ ಮುಂದಕ್ಕಿದೆ, ನುಗ್ಗಿ ಬರುತ್ತಾನೆ. ಕೈ ಹಗುರವಾಗಿ ನೆಲ ಮುಟ್ಟಿದ್ದರೆ ಹಿಂದಕ್ಕೆ ಸರಿಯುತ್ತಾನೆ, ಚೆಂಡನ್ನು ದೂರಕ್ಕೆ ಎಸೆಯಲಿದ್ದಾರೆ. ಕಣ್ಣು ಮಿಟುಕಿಸುವಷ್ಟರಲ್ಲಿ ಇದನ್ನು ನೋಡಬೇಕು, ಮರುಕ್ಷಣವೇ ತಲೆಗೆ ತಲೆ ಹೊಡೆಯುತ್ತದೆ. ಎದುರಾಳಿಗಳ ಹಳೆಯ ಆಟಗಳನ್ನು ಫೋನಿನಲ್ಲಿ ಶಬ್ದ ಆರಿಸಿ ಗಂಟೆಗಟ್ಟಲೆ ನೋಡುತ್ತಿದ್ದ. ನಾನು ಅನ್ನಕ್ಕೆ ಕರೆದರೆ "ಬಂದೆ ಅತ್ತೆ" ಎನ್ನುತ್ತಿದ್ದ, ಬರುತ್ತಿರಲಿಲ್ಲ.

ಹೊಸ ಆಟಗಾರರನ್ನು ತಂಡಗಳು ಹಂಚಿಕೊಳ್ಳುವಾಗ ದೂರದ ಒಂದು ರಾಜ್ಯದ ತಂಡ ಅವನನ್ನು ಕೊನೆಯ ಸುತ್ತಿನಲ್ಲಿ ಆರಿಸಿತ್ತು, ಆಮೇಲೆ ಬಿಟ್ಟಿತು. ಇನ್ನೊಂದು ತೆಗೆದುಕೊಂಡಿತು. ಒಂಬತ್ತು ವರ್ಷ ಹೀಗೆ ಊರಿಂದೂರಿಗೆ ಮೂಟೆ ಕಟ್ಟಿಕೊಂಡು ಆಡಿದ. ಒಂದೆರಡು ಸಲ ಎದುರಾಳಿಯಾಗಿ ನಮ್ಮ ಸಾಂಟಾ ಕ್ಲಾರಾದ ಸ್ಟೇಡಿಯಮ್ಮಿಗೂ ಬಂದ. ಆ ಗದ್ದಲ ನನ್ನ ಅಡುಗೆಮನೆಯವರೆಗೂ ಕೇಳುತ್ತದೆ. ಊರೆಲ್ಲ ಸಂತೋಷದಿಂದ ಕೂಗಿದರೆ ನಮ್ಮ ಹುಡುಗ ಬಿದ್ದ ಎಂದು ಅರ್ಥ. ಟೀವಿ ಹಾಕದೆ, ಸಾರು ಕುದಿಸುತ್ತಾ, ಆ ಕೂಗು ಕೇಳಿದಾಗಲೆಲ್ಲ ಸೌಟು ಹಿಡಿದು ನಿಂತುಬಿಡುತ್ತಿದ್ದೆ. ಕೊನೆಗೊಂದು ಬೆಳಿಗ್ಗೆ ಅವನಿಗೆ ಫೋನು ಬಂತು: ಕೋಚು ಕರೆಯುತ್ತಿದ್ದಾರೆ, ಟ್ಯಾಬ್ಲೆಟ್ ತೆಗೆದುಕೊಂಡು ಬಾ. ಆಟದ ಲೆಕ್ಕಾಚಾರವೆಲ್ಲ ಇರುವ ಟ್ಯಾಬ್ಲೆಟ್ ಅದು. ಅದನ್ನು ತಾ ಎಂದರೆ ವಾಪಸು ಕೊಟ್ಟು ಮನೆಗೆ ಹೋಗು ಎಂದೇ ಅರ್ಥವಂತೆ. ಆಮೇಲೆ ಅವನು ಸ್ಯಾನ್ ಮಟಿಯೋದಲ್ಲಿ ನೆಲೆನಿಂತು ಹೈಸ್ಕೂಲು ಮಕ್ಕಳಿಗೆ ವ್ಯಾಯಾಮ ಹೇಳಿಕೊಡತೊಡಗಿದ.

ಕೇಸರಿಬಾತಿನ ಮಾರನೆಯ ದಿನ ಮಧ್ಯಾಹ್ನ ಅವನೊಬ್ಬನೇ ಮತ್ತೆ ನನ್ನ ಮನೆಗೆ ಬಂದ. ಎಲ್ ಕಮೀನೋ ರಸ್ತೆಯ ಇಂಡಿಯನ್ ಗ್ರೋಸರಿಯಲ್ಲಿ ಅವರೆಕಾಯಿ ಸಿಕ್ಕಿತ್ತು. ಕಾಳು ನೆನೆಹಾಕಿ ಹಿತಕುತ್ತಾ ಕೂತಿದ್ದೆ. ಅವನೂ ಎದುರಿಗೆ ಕೂತು ಒಂದು ಹಿಡಿ ತೆಗೆದುಕೊಂಡ. ಮುರಿದು ಸೊಟ್ಟಗೆ ಕೂಡಿಕೊಂಡ ಬೆರಳುಗಳು ಅವು, ಆದರೂ ಸಿಪ್ಪೆಯಿಂದ ಬೇಳೆಯನ್ನು ಚೆನ್ನಾಗಿ ಹಾರಿಸುತ್ತಾನೆ. ಅವನು ಮಾತಾಡಿದ್ದು ಇಂಗ್ಲಿಷಿನಲ್ಲಿ. ನನಗೆ ಕೇಳಿಸಿದ ಹಾಗೆ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಅತ್ತೆ, ಆ ಟೆಸ್ಟು ಸುಳ್ಳು."

"ಯಾವ್ದು, ನಿನ್ನೆದಾ?"

"ನಿನ್ನೆದು ನಿಜ. ಹಳೇದು ಸುಳ್ಳು."

ನಾನು ಕೈ ನಿಲ್ಲಿಸಿದೆ. ಅವನು ನಿಲ್ಲಿಸಲಿಲ್ಲ, ಕಾಳು ಹಿತಕುತ್ತಲೇ ಹೇಳಿದ. ಪ್ರತಿ ವರ್ಷ ಆಟದ ಕಾಲ ಶುರುವಾಗುವ ಮುಂಚೆ ಆಟಗಾರರನ್ನೆಲ್ಲ ಕಂಪ್ಯೂಟರಿನ ಮುಂದೆ ಕೂರಿಸಿ ಪರೀಕ್ಷೆ ಮಾಡುತ್ತಿದ್ದರು. ಪದಗಳನ್ನು ತೋರಿಸಿ ನೆನಪಿದೆಯೇ ಎಂದು ಕೇಳುವುದು, ಬಣ್ಣ ಬದಲಾದ ತಕ್ಷಣ ಗುಂಡಿ ಒತ್ತಿಸುವುದು, ಆಕಾರಗಳನ್ನು ಗುರುತು ಹಿಡಿಸುವುದು. ಆಮೇಲೆ ಆಟದಲ್ಲಿ ತಲೆಗೆ ಜೋರು ಪೆಟ್ಟು ಬಿದ್ದರೆ ಅದೇ ಪರೀಕ್ಷೆ ಇನ್ನೊಮ್ಮೆ. ಮೊದಲಿನಷ್ಟೇ ಬಂದರೆ ಮೈದಾನಕ್ಕೆ, ಕಡಿಮೆ ಬಂದರೆ ಬೆಂಚಿಗೆ. ಅವನ ಮೊದಲ ತಂಡದಲ್ಲಿ ಹಳೆಯ ಆಟಗಾರನೊಬ್ಬ ಹೊಸಬರಿಗೆಲ್ಲ ಉಪದೇಶ ಮಾಡಿದ್ದನಂತೆ: ಮೊದಲ ಪರೀಕ್ಷೆಯಲ್ಲಿ ಬೇಕೆಂದೇ ಕೆಟ್ಟದಾಗಿ ಮಾಡಿ. ಆಗ ಪೆಟ್ಟು ಬಿದ್ದ ಮೇಲೂ ನೀವು ಹಾಗೇ ಕಾಣುತ್ತೀರಿ.

"ಯಾಕೋ? ತಲೆಗಿಂತ ಆಟ ಹೆಚ್ಚಾ?"

"ಒಂದು ವಾರ ಬೆಂಚಲ್ಲಿ ಕೂತ್ರೆ ನನ್ನ ಜಾಗಕ್ಕೆ ಇನ್ನೊಬ್ಬ ಬರ್ತಾನೆ. ಬಂದೋನು ಎದ್ದು ಹೋಗಲ್ಲ ಅತ್ತೆ."

ತೀರಾ ಕೆಟ್ಟದಾಗಿ ಮಾಡಿದರೆ ಯಂತ್ರ ಹಿಡಿದುಬಿಡುತ್ತದಂತೆ. ಆದ್ದರಿಂದ ಹದವಾಗಿ ಕೆಡಿಸಬೇಕು. ಎಷ್ಟು ಪದ ಮರೆಯಬೇಕು, ಯಾವುದನ್ನು ಮರೆಯಬೇಕು, ಎಲ್ಲಿ ತಡವರಿಸಬೇಕು ಎಂದು ಅವನು ಅಭ್ಯಾಸ ಮಾಡಿದ. ಉಳಿದವರಿಗೆ ಅಷ್ಟು ನಾಜೂಕು ಗೊತ್ತಿರಲಿಲ್ಲ, ತಾನು ಅದರಲ್ಲಿ ನಿಪುಣನಾಗಿದ್ದೆ ಎಂದು ಹೇಳುವಾಗ ಅವನ ಧ್ವನಿಯಲ್ಲಿ ಸ್ವಲ್ಪ ಜಂಬವೂ ಇತ್ತು. ತನ್ನೊಳಗೆ ಒಬ್ಬ ದಡ್ಡನನ್ನು ತಯಾರು ಮಾಡಿದ್ದ. ಆ ದಡ್ಡ ಪದ ಹುಡುಕುವಾಗ ಎಡಗಣ್ಣು ಅರ್ಧ ಮುಚ್ಚುತ್ತಾನೆ, ಹೆಬ್ಬೆರಳಿನಿಂದ ಉಳಿದ ಬೆರಳುಗಳನ್ನು ಒಂದೊಂದಾಗಿ ತಟ್ಟುತ್ತಾನೆ, ಆಮೇಲೆ ತಪ್ಪು ಉತ್ತರ ಕೊಡುತ್ತಾನೆ. ವರ್ಷಕ್ಕೊಮ್ಮೆ ಆ ದಡ್ಡ ಹೊರಗೆ ಬಂದು ಪರೀಕ್ಷೆ ಬರೆದು ಒಳಗೆ ಹೋಗುತ್ತಿದ್ದ. ಡಾಕ್ಟರರ ಹತ್ತಿರ ಇರುವುದು ಆ ದಡ್ಡನ ಅಂಕಗಳು.

"ಹೇಗೆ ಮಾಡ್ತಿದ್ದೆ, ಮಾಡಿ ತೋರ್ಸು" ಎಂದೆ.

ತೋರಿಸಿದ. ಆ ಅರ್ಧ ಮುಚ್ಚಿದ ಕಣ್ಣನ್ನು, ಆ ಬೆರಳು ತಟ್ಟುವುದನ್ನು ಒಂದು ವರ್ಷದಿಂದ ನಾನು ಊಟದ ಮೇಜಿನಲ್ಲಿ ನೋಡುತ್ತಿದ್ದೆ. ಉಪ್ಪಿನ ಡಬ್ಬಿಯ ಹೆಸರು ನೆನಪಾಗದಿದ್ದಾಗ, ಮೊಮ್ಮಗಳ ಟೀಚರ ಹೆಸರು ನೆನಪಾಗದಿದ್ದಾಗ ಅವನು ಮಾಡುತ್ತಿದ್ದದ್ದು ಅದನ್ನೇ.

"ನಿಮಗೆ ಈಗ ಗೊತ್ತಾಯ್ತು" ಎಂದ. "ನಾನು ಈಗ ಬೇಕಂತ ಮಾಡ್ತಿಲ್ಲ ಅತ್ತೆ. ಆ ದಡ್ಡನೇ ಬರ್ತಾನೆ. ಇದು ಕಾಯಿಲೆನೋ, ಇಲ್ಲ ಅಷ್ಟು ವರ್ಷ ಪ್ರಾಕ್ಟೀಸ್ ಮಾಡಿದ್ದು ಅಂಟಿಕೊಂಡಿದೆಯೋ, ನಂಗೆ ಗೊತ್ತಾಗ್ತಿಲ್ಲ. ನಿನ್ನೆ ಪರೀಕ್ಷೇಲಿ ಪೂರ್ತಿ ಮನಸ್ಸಿಟ್ಟು ಮಾಡ್ದೆ. ಆ ದಡ್ಡನಿಗೆ ಬರ್ತಿದ್ದಷ್ಟೇ ಬಂತು."

ನಮ್ಮ ಕಡೆ ಮಕ್ಕಳು ಕುಂಟುವ ಆಟ ಆಡಿದರೆ, ಮೆಳ್ಳಗಣ್ಣು ಮಾಡಿದರೆ, ತೊದಲುವವರನ್ನು ಅಣಕಿಸಿದರೆ ದೊಡ್ಡವರು ಗದರಿಸುತ್ತಾರೆ. ಅಸ್ತು ದೇವತೆಗಳು ಮನೆಯ ಮೇಲೆ ಓಡಾಡುತ್ತಿರುತ್ತಾರೆ, ನೀನು ಹಾಗೆ ಮಾಡುವ ಹೊತ್ತಿಗೆ ಸರಿಯಾಗಿ ಅಸ್ತು ಎಂದುಬಿಟ್ಟರೆ ಹಾಗೇ ನಿಂತುಹೋಗುತ್ತದೆ ಎಂದು. ನಾನು ಈ ಮನೆಯಲ್ಲೇ ಡೇಕೇರ್ ನಡೆಸಿ ರಿಟೈರ್ ಆದವಳು. ಚೀನೀ ಮಕ್ಕಳು, ಮೆಕ್ಸಿಕೋದ ಮಕ್ಕಳು, ತೆಲುಗು ಮಕ್ಕಳು, ಎಲ್ಲರಿಗೂ ನನ್ನ ಹರಕು ಇಂಗ್ಲಿಷಿನಲ್ಲಿ ಇದನ್ನು ಹೇಳಿ ಹೆದರಿಸಿದ್ದೇನೆ. ಒಬ್ಬ ತಾಯಿ ಬಂದು, ನಿಮ್ಮ ಛಾವಣಿಯ ಮೇಲೆ ಯಾರಿದ್ದಾರೆ ಎಂದು ನನ್ನ ಮಗು ಕೇಳುತ್ತಿದೆ ಎಂದು ದೂರಿದ್ದಳು. ನಾನು ಅದನ್ನು ಒಂದು ದಿನವೂ ನಂಬಿದವಳಲ್ಲ. ಆ ಮಧ್ಯಾಹ್ನ ಅಳಿಯನ ಎದುರು ಕೂತು ಮೇಲೆ ಛಾವಣಿಯನ್ನು ನೋಡಿದೆ.

ಅವನು ಹೊರಡುವಾಗ, "ಅವಳಿಗೆ ಹೇಳ್ಬೇಡಿ. ಒಂದು ವರ್ಷದ ಮೇಲೆ ನಿನ್ನೆ ನಿದ್ದೆ ಮಾಡಿದಾಳೆ" ಎಂದ. ನಾನು ಹಿತಕಿದ ಬೇಳೆಯನ್ನು ಡಬ್ಬಿಗೆ ಹಾಕಿ ಅವನ ಕೈಗೆ ಕೊಟ್ಟೆ.

ಅಲ್ಲಿಂದ ಮುಂದೆ ನನ್ನ ನೆಮ್ಮದಿ ಹೋಯಿತು. ಅಳಿಯ ಮನೆಗೆ ಬಂದರೆ ಬಂದಿರುವವನು ಯಾರು ಎಂದು ಮೊದಲು ಕಣ್ಣು ನೋಡುತ್ತಿದ್ದೆ. ಗ್ರೋಸರಿಯಲ್ಲಿ ಗಾಡಿ ತಳ್ಳಿಕೊಂಡು ಬರುತ್ತಿದ್ದವನು ಅಕ್ಕಿಯ ಸಾಲಿನಲ್ಲಿ ತಟ್ಟನೆ ನಿಲ್ಲುತ್ತಿದ್ದ. ಎಡಗಣ್ಣು ಮುಚ್ಚುತ್ತಿತ್ತು, ಹೆಬ್ಬೆರಳು ತಟ್ಟತೊಡಗುತ್ತಿತ್ತು, ನಾನು ಬೇರೆ ಕಡೆ ತಿರುಗಿ ಬೇಳೆಯ ಚೀಲ ನೋಡುತ್ತಿದ್ದೆ. ಒಂದು ಭಾನುವಾರ ನಮ್ಮ ಹಿತ್ತಲಿನಲ್ಲಿ ನಿಂಬೆಗಿಡಕ್ಕೆ ನೀರು ಹಾಕುತ್ತಿದ್ದಾಗ ಸ್ಟೇಡಿಯಮ್ಮಿನಿಂದ ಕೂಗು ಬಂತು. ಅವನು ಪೈಪು ಬಿಟ್ಟು, ಮಂಡಿ ಬಗ್ಗಿಸಿ, ಒಂದು ಕೈಯನ್ನು ಒದ್ದೆ ನೆಲಕ್ಕೆ ಊರಿದ. ಎದುರಿಗೆ ಬೇಲಿ ಬಿಟ್ಟರೆ ಏನೂ ಇರಲಿಲ್ಲ. ಆದರೂ ಬೇಲಿಯ ಬುಡದಲ್ಲಿ ಯಾರದೋ ಬೆರಳುಗಳನ್ನು ನೋಡುವವನ ಹಾಗೆ ನೋಡುತ್ತಿದ್ದ. ನಾನು ಹೆಸರು ಹಿಡಿದು ಕೂಗಿದೆ. ಎದ್ದು, ಮಂಡಿಯ ಕೆಸರು ನೋಡಿಕೊಂಡು, ಜಾರಿದೆ ಅತ್ತೆ ಎಂದ.

ಇಷ್ಟಾದರೂ ಸುಮ್ಮನಿದ್ದೆ. ಮಗಳು ಮತ್ತೆ ಹಾಡಿಕೊಂಡು ಅಡುಗೆ ಮಾಡುತ್ತಿದ್ದಳು, ಅದನ್ನು ಕೆಡಿಸುವ ಧೈರ್ಯ ನನಗೂ ಇರಲಿಲ್ಲ. ನನ್ನ ಬಾಯಿ ಬಿಡಿಸಿದ್ದು ಆರು ವರ್ಷದ ಮೊಮ್ಮಗಳು. ಶಾಲೆಯ ಸ್ಪೆಲ್ಲಿಂಗು ಕೇಳಿಸುತ್ತಿದ್ದೆ. ಒಂದು ಪದ ಕೇಳಿದ್ದಕ್ಕೆ ಆ ಪುಟ್ಟ ಮುಖ ಎಡಗಣ್ಣನ್ನು ಅರ್ಧ ಮುಚ್ಚಿತು. ಹೆಬ್ಬೆರಳು ಒಂದೊಂದೇ ಬೆರಳನ್ನು ತಟ್ಟತೊಡಗಿತು.

"ಏನೇ ಅದು? ನಿಲ್ಸು!"

"ಅಜ್ಜಿ, ಐ ಆಮ್ ಬೀಯಿಂಗ್ ಡ್ಯಾಡಿ" ಎಂದು ನಕ್ಕಳು.

ನಾನು ಅವಳ ಎರಡೂ ಕೈಗಳನ್ನು ಹಿಡಿದುಕೊಂಡು ಕಿರುಚಿಬಿಟ್ಟೆ. ಇನ್ನೊಂದು ಸಲ ಹಾಗೆ ಮಾಡಿದರೆ ನೋಡು ಎಂದೆ. ಮಗು ಬೆದರಿ ಅಳತೊಡಗಿತು. ಅವಳನ್ನು ಎತ್ತಿಕೊಂಡು ಬೆನ್ನು ಸವರುತ್ತಾ, ಇನ್ನು ತಡೆಯಲಾರೆ ಎಂದುಕೊಂಡೆ. ಈ ಮಗುವನ್ನು ಕಾರಿನಲ್ಲಿ ಕೂರಿಸಿಕೊಂಡು ಫ್ರೀವೇ ಮೇಲೆ ಹೋಗುವವನೂ ಅವನೇ. ಯಾವಾಗ ದಡ್ಡ ಬಂದು ಸ್ಟೀರಿಂಗು ಹಿಡಿಯುತ್ತಾನೋ ಯಾರಿಗೆ ಗೊತ್ತು?

ಅವನಿಗೆ ಫೋನು ಮಾಡಿ, "ನೀನಾಗೇ ಹೇಳ್ತೀಯೋ, ನಾನೇ ಹೇಳ್ಬೇಕೋ?" ಎಂದೆ. ಅವನು, "ಥ್ಯಾಂಕ್ಯೂ ಅತ್ತೆ" ಎಂದ. ಅದೇ ಸಂಜೆ ಹೇಳಿದನಂತೆ. ಮಗಳು ಮೊದಲು ಮೋಸಗಾರ ಎಂದು ಕೂಗಾಡಿದಳು, ಆಮೇಲೆ ಅತ್ತಳು, ಬೆಳಗಾಗುವ ಹೊತ್ತಿಗೆ ಕಲ್ಲಾಗಿದ್ದಳು. ಹಳೆಯ ಟೆಸ್ಟು ಸುಳ್ಳಾದರೆ ಏನಂತೆ, ಅವನಿಗೆ ಏನೂ ಆಗಿಲ್ಲ ಎಂದು ನನಗೇ ಪಾಠ ಹೇಳಿದಳು. ಡಾಕ್ಟರ ಹತ್ತಿರ ಇನ್ನೊಮ್ಮೆ ಹೋಗಲು ಒಪ್ಪಿದ್ದೇ ಹೆಚ್ಚು. ಅಳಿಯ ನನ್ನನ್ನೂ ಬನ್ನಿ ಎಂದ.

ವಾಲ್ನಟ್ ಕ್ರೀಕಿನ ಡಾಕ್ಟರು ನರೆತ ಕೂದಲಿನ ಹೆಂಗಸು. ಅಳಿಯ ತಲೆ ತಗ್ಗಿಸಿ ಎಲ್ಲ ಹೇಳುವವರೆಗೆ ಸುಮ್ಮನೆ ಕೇಳಿದರು, ಬೈಯಲಿಲ್ಲ. ನೀವು ಮೊದಲನೆಯವರಲ್ಲ ಎಂದರು. ಹಳೆಯ ಅಂಕಗಳನ್ನು ಪಕ್ಕಕ್ಕಿಟ್ಟರೆ ಹೋಲಿಸಿ ನೋಡಲು ಅವರ ಕೈಯಲ್ಲಿ ಏನೂ ಉಳಿಯುವುದಿಲ್ಲ. ಈಚೆಗೆ ಬಂದ ಅಂಕ ಒಬ್ಬ ಸಾಧಾರಣ ಮನುಷ್ಯನಿಗೆ ತೀರಾ ಕಡಿಮೆಯೇನಲ್ಲ. ಹುಟ್ಟಾ ಅಷ್ಟೇ ಇದ್ದವನಾದರೆ ಚಿಂತೆಯಿಲ್ಲ. ತುಂಬ ಚುರುಕಾಗಿದ್ದವನು ಇಲ್ಲಿಗೆ ಇಳಿದಿದ್ದರೆ ಅದು ಬೇರೆ ಮಾತು. ಆಗ ಮಗುವನ್ನು ಕೂರಿಸಿಕೊಂಡು ಕಾರು ಓಡಿಸುವುದು ನಿಲ್ಲಬೇಕು, ಇನ್ನೂ ಪರೀಕ್ಷೆಗಳಾಗಬೇಕು, ಮುಂದಿನ ವರ್ಷಗಳಿಗೆ ತಯಾರಾಗಬೇಕು. ಹೋದದ್ದನ್ನು ವಾಪಸು ತರುವ ಔಷಧಿ ಮಾತ್ರ ಇಲ್ಲ ಎಂದೂ ಹೇಳಿದರು.

"ಆಗಿನ ಇವರನ್ನು ಹತ್ತಿರದಿಂದ ನೋಡಿದವರು ಯಾರು?" ಎಂದು ಕೇಳಿದರು.

"ನಾನು" ಎಂದಳು ಮಗಳು. ಮೊದಲೇ ಯೋಚಿಸಿಕೊಂಡು ಬಂದಿದ್ದಳು ಎಂದು ಆಮೇಲೆ ಹೊಳೆಯಿತು. ಇವನು ಯಾವಾಗಲೂ ಹೀಗೇ ಎಂದಳು. ಮದುವೆಗೆ ಮುಂಚೆಯೂ ಕೀ ಕಳೆದುಕೊಳ್ಳುತ್ತಿದ್ದ. ದಾರಿ ತಪ್ಪುತ್ತಿದ್ದ. ಹುಟ್ಟುಹಬ್ಬ ಮರೆಯುತ್ತಿದ್ದ. ಜನರ ಹೆಸರು ಒಂದೂ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಮಾತಾಡುತ್ತಾ ಮಾತಾಡುತ್ತಾ ಅವಳ ಧ್ವನಿ ಏರಿತು. ನಾನು ಬೆರಗಾಗಿ ನೋಡುತ್ತಿದ್ದೆ. ಅವನು ಒಂಬತ್ತು ವರ್ಷ ಕಷ್ಟಪಟ್ಟು ತಯಾರಿಸಿದ ದಡ್ಡನನ್ನು ಇವಳು ಅಲ್ಲಿ ಕೂತು, ನಮ್ಮೆಲ್ಲರ ಕಣ್ಣೆದುರಿಗೆ, ಇನ್ನೊಮ್ಮೆ ತಯಾರಿಸುತ್ತಿದ್ದಳು. ಇವನು ಮೊದಲಿಂದಲೂ ದಡ್ಡನಾದರೆ ಇವನಿಗೆ ಕಾಯಿಲೆಯಿಲ್ಲ. ಗಂಡ ತನಗೆ ಉಳಿಯಲಿ ಎಂದು ಅವಳು ಅವನ ಬುದ್ಧಿಯನ್ನೆಲ್ಲ ಒಂದೊಂದಾಗಿ ಅಳಿಸಿಹಾಕುತ್ತಿದ್ದಳು.

ಅಳಿಯ ನನ್ನ ಕಡೆ ನೋಡಿದ. ಅವನಿಗೆ ಬೇಕಾಗಿದ್ದದ್ದು ಇಷ್ಟೇ ಎಂದು ನನಗೆ ತಿಳಿಯಿತು. ತನಗೆ ಆಗುತ್ತಿರುವುದು ನಿಜವಾಗಿ ಆಗುತ್ತಿದೆ ಎಂದು ಇನ್ನೊಬ್ಬರ ಬಾಯಲ್ಲಿ ಕೇಳಬೇಕು. ಅದನ್ನು ಒಬ್ಬನೇ ಹೊತ್ತುಕೊಂಡು ತಿರುಗುವುದು ಅವನಿಗೆ ಸಾಕಾಗಿತ್ತು.

ಡಾಕ್ಟರು ನನ್ನ ಕಡೆ ತಿರುಗಿದರು. ನಾನು ಅಳಿಯನನ್ನು ಅವನ ಎದುರಿಗೆ ಯಾವತ್ತೂ ಹೊಗಳಿದವಳಲ್ಲ. ಮಕ್ಕಳನ್ನು, ಅಳಿಯಂದಿರನ್ನು ಎದುರಿಗೇ ಹೊಗಳಿದರೆ ದೃಷ್ಟಿಯಾಗುತ್ತದೆ ಎಂದು ಬೆಳೆದವರು ನಾವು. ತಟ್ಟೆಗೆ ಇನ್ನೊಂದು ಚಪಾತಿ ಹಾಕುತ್ತೇವೆ, ಅಷ್ಟರಲ್ಲೇ ಎಲ್ಲ ಬಂತು. ಅವತ್ತು ಬಾಯಿಬಿಟ್ಟು ಹೊಗಳಬೇಕಾಯಿತು. ಒಂದೊಂದು ಹೊಗಳಿಕೆಯೂ ಅವನಿಗೆ ಕಾಯಿಲೆಯಿದೆ ಎನ್ನುವ ಸಾಕ್ಷಿ.

"ನನ್ನ ಮಗಳು ಹೇಳಿದ್ದು ನಿಜ ಅಲ್ಲ" ಎಂದು ಶುರು ಮಾಡಿದೆ. ಮಗಳು "ಅಮ್ಮಾ!" ಎಂದಳು. ನಾನು ನಿಲ್ಲಿಸಲಿಲ್ಲ.

ಮೊದಲ ಸಲ ನಮ್ಮ ಮನೆಗೆ ಬಂದ ದಿನದ ಸಂಗತಿ ಹೇಳಿದೆ. ಅವತ್ತು ಡೇಕೇರಿನ ಮಕ್ಕಳು ಬಾಗಿಲಲ್ಲಿ ಬಿಟ್ಟ ಶೂಗಳು ಗುಡ್ಡೆಯಾಗಿ ಬಿದ್ದಿದ್ದವು. ಸಂಜೆ ತಾಯಂದಿರು ಬಂದು ಗಡಿಬಿಡಿ ಮಾಡುತ್ತಿದ್ದಾಗ ಇವನು ನೆಲದಲ್ಲಿ ಕೂತು, ಒಂದೂ ತಪ್ಪದೆ, ಆಯಾ ಮಗುವಿನ ಶೂ ಆಯಾ ಮಗುವಿನ ಮುಂದಿಟ್ಟ. ಬೆಳಿಗ್ಗೆ ಅವರು ಓಡಿ ಒಳಗೆ ಬರುವಾಗ ಒಂದು ಸಲ ನೋಡಿದ್ದನಂತೆ, ಅಷ್ಟೇ. ಇನ್ನೊಂದು ಮಧ್ಯಾಹ್ನ ನನ್ನ ಜೊತೆ ಅಳಿಗುಳಿ ಮಣೆ ಆಡಿದ. ಗುಳಿಗಳಿಗೆ ಹುಣಸೆಬೀಜ ಹಂಚುತ್ತಾ ಹೋಗುವ ಆಟ, ಎಲ್ಲಿ ಎಷ್ಟು ಬೀಜ ಇದೆ ಎಂದು ತಲೆಯಲ್ಲಿ ಇಟ್ಟುಕೊಳ್ಳಬೇಕು ಎಂದು ಡಾಕ್ಟರಿಗೆ ವಿವರಿಸಿದೆ. ಚಿಕ್ಕಂದಿನಲ್ಲಿ ನಮ್ಮ ಬೀದಿಯಲ್ಲಿ ನನ್ನನ್ನು ಸೋಲಿಸಿದವರಿರಲಿಲ್ಲ. ಇವನು ಆಟ ಕಲಿತ ದಿನವೇ ನನ್ನನ್ನು ಸೋಲಿಸಿದ. ಮಣೆಯನ್ನು ನೋಡುತ್ತಲೇ ಇರಲಿಲ್ಲ, ನನ್ನ ಕೈ ನೋಡುತ್ತಿದ್ದ. ಯಾವ ಗುಳಿಯಿಂದ ಬೀಜ ತೆಗೆಯಬೇಕು ಎಂದು ನಾನು ತೀರ್ಮಾನ ಮಾಡುವ ಮುಂಚೆಯೇ ನಿಮ್ಮ ಹೆಬ್ಬೆರಳು ಆ ಕಡೆ ತಿರುಗುತ್ತದೆ ಅತ್ತೆ ಎಂದ. ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ ಅವತ್ತು ಅವನಿಗೆ ಕಾಫಿ ಕೊಡಲಿಲ್ಲ.

"ನನ್ನ ಮನೆ ಒಳಗೆ ಕಾಲಿಟ್ಟವರಲ್ಲಿ ಇವನಷ್ಟು ಬುದ್ಧಿವಂತ ಇನ್ನೊಬ್ಬನಿರಲಿಲ್ಲ" ಎಂದೆ. "ನನ್ನ ಗಂಡನೂ ಸೇರಿ."

ಡಾಕ್ಟರು ಬರೆದುಕೊಳ್ಳುವುದನ್ನು ನಿಲ್ಲಿಸಿ ಅಳಿಯನನ್ನು ಕೇಳಿದರು: "ಆ ಮಧ್ಯಾಹ್ನ ನಿಮಗೆ ನೆನಪಿದೆಯೇ?"

ಅವನು ಬಹಳ ಹೊತ್ತು ಯೋಚಿಸಿದ. ಯಾವ ನಟನೆಯೂ ಇಲ್ಲದೆ ಕಣ್ಣೆರಡೂ ತೆರೆದುಕೊಂಡು, ಕೈಗಳನ್ನು ತೊಡೆಯ ಮೇಲೆ ಸುಮ್ಮನೆ ಇಟ್ಟುಕೊಂಡು ಯೋಚಿಸಿದ.

"ಇಲ್ಲ" ಎಂದ. ಆಮೇಲೆ ನನ್ನ ಕಡೆ ತಿರುಗಿ, "ಆದ್ರೆ ಚೆನ್ನಾಗಿದ್ದ ಅನ್ಸುತ್ತೆ ಆ ಮನುಷ್ಯ. ಇನ್ನೂ ಹೇಳಿ ಅತ್ತೆ" ಎಂದ.

ಡಾಕ್ಟರು ಟಿಶ್ಯೂ ಪೆಟ್ಟಿಗೆಯನ್ನು ಮೇಜಿನ ಈ ಕಡೆಗೆ ಸರಿಸಿದರು. ಅದನ್ನು ಯಾರೂ ಮುಟ್ಟಲಿಲ್ಲ. ಅಷ್ಟು ಹೊತ್ತೂ ಗೋಡೆ ನೋಡಿಕೊಂಡು ಕೂತಿದ್ದ ಮಗಳು ತನ್ನ ಕುರ್ಚಿಯನ್ನು ಎಳೆದುಕೊಂಡು ಅವನ ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ ಬಂದಳು.

"ನೀನಿರಮ್ಮ, ನಾನು ಹೇಳ್ತೀನಿ" ಎಂದಳು. ಅವನ ಎರಡೂ ಕೈ ಹಿಡಿದುಕೊಂಡು, ತಾವಿಬ್ಬರೂ ಮೊದಲು ಮಾತಾಡಿದ ದಿನ ಅವನು ಯಾವ ಬಣ್ಣದ ಶರಟು ಹಾಕಿದ್ದ ಎನ್ನುವಲ್ಲಿಂದ ಶುರು ಮಾಡಿದಳು.